ಎಡೆಗೆ ಬಂದವರು

ಅಡುಗೆಮನೆಯ ಕಿಟಕಿಯಿಂದ ಹಿತ್ತಿಲು ನೋಡಿದ ವಸಂತಲಕ್ಷ್ಮಿಯ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಬೇಲಿ ಹತ್ತಿ ಇಳಿದ ಕರಡಿಯೊಂದು ಬಾಳೆಲೆಯ ಮುಂದೆ ಕೂತು ವಡೆ ತಿನ್ನುತ್ತಿತ್ತು. ನಾಲ್ಕು ಮಾರು ಆಚೆಗೆ ಹಸಿರು ಟೆಂಟು. ಅದರೊಳಗೆ ಕ್ಯಾಮೆರಾ ಹಿಡಿದು ಕೂತಿದ್ದವನು ಅವಳ ಗಂಡ ಬದರಿನಾಥ.

ಅವತ್ತು ಮಾವನವರ ತಿಥಿ. ಎಡೆಯನ್ನು ಕಾಗೆ ಮುಟ್ಟುವವರೆಗೆ ಮನೆಯವರು ಉಣ್ಣುವಂತಿಲ್ಲ. ಅಮೆರಿಕದ ಈ ಬಾಥೆಲ್ ಊರಿನ ಕಾಗೆಗಳಿಗೆ ಈ ಶಾಸ್ತ್ರವೆಲ್ಲ ಎಲ್ಲಿ ಗೊತ್ತು? ಹೋದ ವರ್ಷ ಒಂದೂ ಸುಳಿಯಲಿಲ್ಲ. ಅಪ್ಪನ ಕೊನೆಗಾಲಕ್ಕೆ ಊರಿಗೆ ಹೋಗಲಾಗದಿದ್ದ ಬದರಿ, "ಅಪ್ಪಂಗೆ ಇನ್ನೂ ನನ್ನ ಮೇಲೆ ಸಿಟ್ಟಿದೆ ಕಣೆ" ಎಂದು ಅತ್ತುಬಿಟ್ಟಿದ್ದ. ಈ ಸಲ ಕಾಯುವ ಹೊತ್ತು ದಂಡವಾಗಬಾರದೆಂದು, ಸಕ್ಕರೆ ನೀರು ಕುಡಿಯಲು ಬರುವ ಹಮ್ಮಿಂಗ್‌ಬರ್ಡುಗಳ ಫೋಟೋ ತೆಗೆಯಲು ಟೆಂಟಿನೊಳಗೆ ಹೊಕ್ಕಿದ್ದ. ರೆಪ್ಪೆ ಬಡಿಯುವುದರೊಳಗೆ ಮಾಯವಾಗುವ ಹಕ್ಕಿ ಅದು. ಕ್ಯಾಮೆರಾದ ಮೂತಿಗಷ್ಟೇ ಕಿಂಡಿ, ಅದೂ ಸಕ್ಕರೆ ನೀರಿನ ಬಾಟಲಿಯ ಕಡೆಗೆ. ಎಡೆ ಇದ್ದದ್ದು ಅವನ ಬೆನ್ನ ಹಿಂದೆ, ಟೆಂಟಿನ ಬಾಗಿಲ ಕಡೆ.

ಪಾತ್ರೆ ಬಡಿದು ಓಡಿಸಲೇ? ಬೆಚ್ಚಿದ ಕರಡಿ ಟೆಂಟಿನ ಮೇಲೇ ನುಗ್ಗಿದರೆ? ಅವನಿಗೆ ತಿಳಿಸಲೇ? ಜಿರಲೆ ಕಂಡರೇ ಕುಣಿದಾಡುವ ಆಸಾಮಿ, ಕರಡಿ ಎಂದರೆ ಕಿರುಚಿಕೊಂಡು ಹೊರಗೆ ಓಡಿಬಂದಾನು.

ಅಷ್ಟರಲ್ಲಿ ಫೋನಿಗೆ ಅವನ ಮೆಸೇಜು ಬಂತು.

"ಹಿಂದೆ ಏನೋ ಸದ್ದು. ಕಾಗೆ ಬಂತಾ?"

ಅವಳು ಟೈಪು ಮಾಡಿದಳು. "ಬಂದಿದೆ. ಮಾವ ಊಟ ಮಾಡ್ತಿದಾರೆ. ದಮ್ಮಯ್ಯ, ಅಲ್ಲಾಡಬೇಡಿ."

"ನಿಜವಾಗ್ಲೂ?"

"ನಿಜ. ಎದ್ದರೆ ಹೊರಟುಹೋಗ್ತಾರೆ."

ಟೆಂಟು ಕಲ್ಲಿನಂತೆ ನಿಶ್ಚಲವಾಯಿತು. ಕರಡಿ ಪಾಯಸ ನೆಕ್ಕಿತು, ಎಲೆಯನ್ನೂ ಅಗಿಯಿತು, ಎದ್ದು ಬೇಲಿಯತ್ತ ಹೊರಟಿತು. ಹೋಗಪ್ಪಾ, ಹೋಗು ಎಂದು ವಸಂತಲಕ್ಷ್ಮಿ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಕರಡಿಗೆ ಸಕ್ಕರೆಯ ವಾಸನೆ ಬಡಿದಿರಬೇಕು. ನಿಂತಿತು, ತಿರುಗಿತು, ನೇರವಾಗಿ ಟೆಂಟಿನ ಬಾಗಿಲಿಗೇ ಬಂದು ಬಟ್ಟೆಯನ್ನು ಮೂಸತೊಡಗಿತು.

ಫೋನು ಮತ್ತೆ ಮಿನುಗಿತು.

"ಕಾಗೆ ಅಲ್ಲ ಕಣೆ. ಬಾಗಿಲಲ್ಲೇ ನಿಂತು ಉಸಿರಾಡ್ತಿದಾರೆ. ಅಪ್ಪಾನೇ! ಒಂದೇ ಒಂದ್ಸಲ ಮುಖ ನೋಡ್ಬಿಡ್ತೀನಿ."

'ಬೇಡ' ಎಂದು ಅವಳು ಬರೆಯುವಷ್ಟರಲ್ಲಿ, ಟೆಂಟಿನ ಜಿಪ್ಪು ಕೆಳಗಿನಿಂದ ಮೆಲ್ಲಗೆ ಮೇಲೇರತೊಡಗಿತು.