ಎದುರು ನಿಂತವಳು

ಫೋರ್ಕ್‌ಲಿಫ್ಟ್ ಮೈಮೇಲೆ ಬರುವಷ್ಟು ಹತ್ತಿರ ಬಂದಿತ್ತು. ಬೂಬಣ್ಣ ಪ್ರಾಪ್ತಿಯ ತೋಳನ್ನು ಗಬಕ್ಕನೆ ಹಿಡಿದು, ಅವಳನ್ನೂ ಎಳೆದುಕೊಂಡು ಗೋಡೆಗೆ ಒರಗಿದರು.

ಡ್ರೈವರ್ ಹಾಶಿಂ ಸೀಟಿನಿಂದ ಬಗ್ಗಿ ಅವಳ ಮುಖಕ್ಕೇ ಕೂಗಿದ. "ಎಂತ ಮಾರಾಯ್ತಿ, ದೊಡ್ಡ ಜನ ಆದಿಯಾ? ದಾರಿ ಬಿಡುವುದಿಲ್ಲ?"

ಪ್ರಾಪ್ತಿ ತಲೆ ತಗ್ಗಿಸಿದಳು. ಹಾಶಿಂ ಈಚೆಗೆ ಹಾರ್ನ್ ಹಾಕುವುದನ್ನೇ ಬಿಟ್ಟಿದ್ದ. ಅವಳಾದರೂ ಕಣ್ಣಲ್ಲಿ ನೋಡಿಕೊಂಡು ಓಡಾಡುತ್ತಾಳೆ. ಈ ವಯಸ್ಸಾದವರ ಗತಿ? ಬೂಬಣ್ಣನ ಬೆವರಿದ ಮುಖ ನೋಡಿದಾಗ ಅವಳ ಅನುಮಾನ ಗಟ್ಟಿಯಾಯಿತು. ಇವರಿಗೆ ಕಿವಿ ಕೇಳುವುದಿಲ್ಲ.

ಪಣಂಬೂರಿನ ಆಚೆ, ಮೀನು ತುಂಬುವ ತಗಡಿನ ಡಬ್ಬಿ ಒತ್ತುವ ಕಾರ್ಖಾನೆ ಅದು. ಪ್ರೆಸ್ಸುಗಳ ಬಡಿತದಲ್ಲಿ ಮಾತಿಗೆ ಬೆಲೆಯಿಲ್ಲ. ಮುಷ್ಟಿ ಕಟ್ಟಿದರೆ ನಿಲ್ಲಿಸು, ಬೆರಳು ಸುತ್ತಿದರೆ ಶುರು ಮಾಡು. ಶೆಡ್ಡಿನ ಹೊರಗೆ ಬಂದದ್ದೇ ಎಲ್ಲರೂ ಕೈ ಇಳಿಸಿ ಬಾಯಿ ಬಿಡುತ್ತಾರೆ. ಬೂಬಣ್ಣ ಮಾತ್ರ ಚಾ ಕುಡಿಯುವಾಗಲೂ, ಗೇಟಿನ ಹೊರಗೂ ಕೈಯಲ್ಲೇ ಹೇಳುತ್ತಾರೆ. ಹಿಂದಿನಿಂದ ಹೆಸರು ಹಿಡಿದು ಕರೆಯುವುದಿಲ್ಲ, ಹತ್ತಿರ ಬಂದು ಹೆಗಲು ಮುಟ್ಟುತ್ತಾರೆ. ಮಾತಾಡಿದರೂ ಮುಖದ ಹತ್ತಿರ ಬಗ್ಗಿ, ಒಂದೊಂದೇ ಶಬ್ದವನ್ನು ಅಗಲ ಬಾಯಿಯಲ್ಲಿ, ಜೋರಾಗಿ. ಕಿವಿ ಮಂದವಾದವರು ಮಾತಾಡುವುದೇ ಹಾಗೆ.

ಯಾರಿಗೂ ಹೇಳಲಿಲ್ಲ ಪ್ರಾಪ್ತಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದ ಅವಳಿಗೆ ಪ್ರೆಸ್ಸಿನ ಕೆಲಸ ಕಲಿಸಿದವರು ಅವರು. ಕೈ ಎಲ್ಲಿಡಬೇಕು, ಎಲ್ಲಿಡಬಾರದು ಎಂದು ದಿನವಿಡೀ ಬೆನ್ನ ಹಿಂದೆ ನಿಂತು ತೋರಿಸಿದವರು. ಅವಳ ಬೆರಳುಗಳು ಪೂರ್ತಿ ಉಳಿದದ್ದು ಅದರಿಂದ. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನಾಚುವ ಅವಳು, ಮನಸ್ಸು ಬಿಚ್ಚುತ್ತಿದ್ದದ್ದೂ ಅವರೊಬ್ಬರ ಹತ್ತಿರ.

ಕಂಪೆನಿ ಕೊಟ್ಟ ಹಳದಿ ಇಯರ್‌ಪ್ಲಗ್ಗನ್ನು ಅವಳು ಮೊದಲಿನಿಂದಲೂ ಸರಿಯಾಗಿ ಹಾಕಿದವಳಲ್ಲ, ತುರಿಸುತ್ತದೆ. ಈಗಂತೂ ಬೇಕೆಂದೇ ಬಿಟ್ಟಳು. ಇಬ್ಬರಲ್ಲಿ ಒಬ್ಬರ ಕಿವಿಯಾದರೂ ತೆರೆದಿರಬೇಕಲ್ಲ. ಬೂಬಣ್ಣ ದಿನಾ ತಮ್ಮ ಕಿವಿ ಮುಟ್ಟಿ ಏನೋ ಸಂಕಟದಲ್ಲಿ ತಲೆ ಆಡಿಸುತ್ತಿದ್ದರು. ಅವಳು ಅವರ ಕೈ ತಟ್ಟುತ್ತಿದ್ದಳು. ಗೊತ್ತುಂಟು, ನಾನಿದ್ದೇನೆ ಎಂಬಂತೆ.

ಸೋಮವಾರದ ಟ್ರೈನಿಂಗಿನಲ್ಲಿ ಸೇಫ್ಟಿ ಆಫೀಸರ್ ಸಿಪ್ರಿಯನ್ ಸುದ್ದಿ ಹೇಳಿದರು. ಪ್ರಾಪ್ತಿ ಯಾವತ್ತಿನಂತೆ ಮೊದಲ ಬೆಂಚಿನಲ್ಲಿದ್ದಳು.

"ಶುಕ್ರವಾರ ಕಿವಿ ಟೆಸ್ಟು. ಕೇಳದವರನ್ನು ಪ್ರೆಸ್ಸಿನ ಹತ್ತಿರ ಇಡ್ಲಿಕ್ಕೆ ಆಗುವುದಿಲ್ಲ. ಬೇರೆ ಕಡೆ ಹಾಕ್ತೇವೆ."

ತಮ್ಮಂಥ ಕಾಂಟ್ರಾಕ್ಟಿನವರಿಗೆ ಬೇರೆ ಕಡೆ ಎಂದರೆ ಗೇಟಿನ ಹೊರಗೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಪ್ರಾಪ್ತಿ ಬೂಬಣ್ಣನ ಕಡೆ ನೋಡಿದಳು. ಅವರು ಅವಳನ್ನೇ ನೋಡುತ್ತಿದ್ದರು, ಮುಖ ಬಿಳಿಚಿಕೊಂಡಿತ್ತು.

ಆ ಸಂಜೆ ಬಸ್ಸಿನಲ್ಲಿ ಅವಳಿಗೆ ಬೇರೆ ಯೋಚನೆಯೇ ಇಲ್ಲ. ಕಂಡಕ್ಟರ್‌ಗಳು ಈಗೀಗ ಸ್ಟಾಪಿನ ಹೆಸರು ಕೂಗುವುದಿಲ್ಲ. ಹೊಳೆ ಕಂಡಾಗ ಗಡಬಡಿಸಿ ಎದ್ದು ತನ್ನ ಸ್ಟಾಪಾದ ಕೂಳೂರಿನಲ್ಲಿ ಇಳಿದಳು. ಅಷ್ಟರಲ್ಲಿ ಉಪಾಯ ಹೊಳೆದಿತ್ತು.

ಮರುದಿನ ನೀರಿನ ನಳ್ಳಿಯ ಹತ್ತಿರ ಹೇಳಿದಳು. "ಬೂಬಣ್ಣ, ಡಾಕ್ಟ್ರು ಹಿಂದೆ ನಿಂತು ಸಣ್ಣ ಸ್ವರದಲ್ಲಿ ಅಂಕಿ ಹೇಳುವುದಂತೆ. ನಿಮ್ಮ ನಂತರದ ಪಾಳಿ ನನ್ನದು. ನಾನು ಬಾಗಿಲಲ್ಲಿ ಎದುರು ನಿಲ್ತೇನೆ. ಬೆರಳಲ್ಲಿ ತೋರಿಸ್ತೇನೆ."

ಬೂಬಣ್ಣ ನಳ್ಳಿ ಬಂದ್ ಮಾಡಿದರು. ಆಮೇಲೆ ಅವಳ ಮುಖದ ಹತ್ತಿರ ಬಗ್ಗಿದರು.

"ನಿನಗೆ ಕೇಳ್ತದಾ ಮಗಾ?"

"ನನಗೆ ಕೇಳದೆ ಎಂತ? ಡಾಕ್ಟ್ರ ಎದುರೇ ಇರ್ತೇನಲ್ಲ."

ಅವರು ಕಣ್ಣು ಒರೆಸಿಕೊಂಡು ಹೋದರು. ಸ್ವಾಭಿಮಾನದ ಮನುಷ್ಯ ಎಂದುಕೊಂಡಳು ಪ್ರಾಪ್ತಿ.

ಶುಕ್ರವಾರ ಕ್ಯಾಂಟೀನಿನ ಪಕ್ಕದ ಕೋಣೆ. ಬೂಬಣ್ಣ ಸ್ಟೂಲಿನ ಮೇಲೆ, ಬಾಗಿಲಿಗೆ ಮುಖ ಮಾಡಿ. ಹಿಂದೆ ಡಾಕ್ಟರ್ ರಂಜಿನಿ. ಬಾಗಿಲಲ್ಲಿ ಪ್ರಾಪ್ತಿ, ಬೆರಳುಗಳು ದುಪಟ್ಟಾದ ಅಂಚಿನಲ್ಲಿ.

ಡಾಕ್ಟರು ಪಿಸುಗುಟ್ಟಿದರು. ನಾಲ್ಕು. ಪ್ರಾಪ್ತಿ ಬೆರಳು ಎತ್ತಿದಳು.

"ನಾಲ್ಕು," ಎಂದರು ಬೂಬಣ್ಣ.

ಎರಡು. ಮತ್ತೆ ಬೆರಳು. "ಎರಡು."

ಅವಳ ಎದೆ ಹಗುರಾಯಿತು. ಅಷ್ಟರಲ್ಲಿ ಡಾಕ್ಟರು ಮೇಜಿನ ಮೇಲಿದ್ದ ಕಾಗದವೊಂದನ್ನು ತೆಗೆದು ಬಾಯಿಗೆ ಅಡ್ಡ ಹಿಡಿದರು. ಹಿಡಿದು ಸುಮ್ಮನೆ ನಿಂತರು. ಪ್ರಾಪ್ತಿ ಕಾದಳು. ಕೋಣೆಯಲ್ಲಿ ಸದ್ದೇ ಇಲ್ಲ.

"ಐದು," ಎಂದರು ಬೂಬಣ್ಣ.

ಅವಳು ಬೆಚ್ಚಿದಳು. ಡಾಕ್ಟರು ಏನೂ ಹೇಳಿಲ್ಲ! ಬೇಡ ಎಂದು ತಲೆ ಅಲ್ಲಾಡಿಸಿದಳು.

"ಮೂರು. ಒಂದು."

ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳುತ್ತಿದ್ದಾರೆ. ಮುಷ್ಟಿ ಕಟ್ಟಿ ತೋರಿಸಿದಳು. ನಿಲ್ಲಿಸಿ, ನಿಲ್ಲಿಸಿ. ಅವರು ಅವಳ ಕೈ ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡು ಮತ್ತೊಂದು ಅಂಕಿ ಹೇಳಿದರು. ಎಲ್ಲ ಹೋಯಿತು. ಪ್ರಾಪ್ತಿ ಬಾಗಿಲ ಚೌಕಟ್ಟು ಹಿಡಿದಳು.

ಡಾಕ್ಟರು ಕಾಗದ ಇಳಿಸಿ ನಕ್ಕರು. "ಒಂದೂ ತಪ್ಪಿಲ್ಲ. ಈ ವಯಸ್ಸಿಗೆ ಇಷ್ಟು ಒಳ್ಳೆಯ ಕಿವಿ! ಏಳಿ, ಮುಂದಿನವರು ಬರಲಿ."

ಬೂಬಣ್ಣ ಏಳಲಿಲ್ಲ. ಅಲ್ಲಿಂದಲೇ ಹಿಂದೆ ತಿರುಗಿ, ಪ್ರಾಪ್ತಿಗೆ ಬೆನ್ನು ಹಾಕಿ, ಕೈ ಮುಗಿದು ಏನೋ ಹೇಳಿದರು. ಅವಳಿಗೆ ಅದು ಏನೆಂದು ತಿಳಿಯಲಿಲ್ಲ.

"ಈ ಹುಡುಗಿಯ ಪಾಳಿಯಲ್ಲಿ ಮಾತ್ರ ಎದುರೇ ನಿಂತು ಹೇಳಿ ಡಾಕ್ಟ್ರೇ, ಬಾಯಿಗೆ ಕಾಗದ ಅಡ್ಡ ಹಿಡಿಯಬೇಡಿ, ದಮ್ಮಯ್ಯ."