ಹಳಿಯ ಪಕ್ಕದ ಮನೆ

ಶಾಲೆಯೊಂದರ ಖಾಲಿ ಹಾಲ್‌ನಲ್ಲಿ ಆಟಿಕೆ ರೈಲಿನ ಹವ್ಯಾಸಿಗಳೆಲ್ಲ ಭಾನುವಾರ ಸೇರುತ್ತಿದ್ದರು. ಒಬ್ಬೊಬ್ಬರೂ ಮನೆಯಲ್ಲಿ ಪುಟ್ಟ ಹಳಿ ಕೂರಿಸಿದ ಹಲಗೆಯನ್ನು ತಂದು ಹಳಿಗೆ ಹಳಿ ಕೂಡಿಸಿದರೆ, ಗೇಣುದ್ದದ ರೈಲು ಹಾಲ್ ತುಂಬ ಸುತ್ತು ಹೊಡೆಯುತ್ತಿತ್ತು. ಅವರಲ್ಲೊಬ್ಬರಾದ ಪದ್ಮರಾಜಯ್ಯ ತೀರಿಕೊಂಡ ಮೇಲೆ ಒಂದು ಹಲಗೆ ಕಡಿಮೆಯಾಗಿ ಸುತ್ತು ಪೂರ್ತಿಯಾಗಲೇ ಇಲ್ಲ.

ಈ ಭಾನುವಾರ ವಯಸ್ಸಾದ ಹೆಂಗಸೊಬ್ಬರು ಆಟೋದಲ್ಲಿ ಆ ಹಲಗೆಯನ್ನು ತಂದಿಳಿಸಿದರು.

"ನೀವು ಅವರ ತಂಗಿಯೇನಮ್ಮಾ?"

"ಇದು ಓಡೋದನ್ನ ನಾನು ನೋಡೇ ಇಲ್ಲ. ಒಂದ್ಸಲ ಓಡಿಸ್ತೀರಾ?"

ಹಲಗೆಯ ಮೇಲೆ, ಹಳಿಯ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಮನೆ. ಬಾಗಿಲಲ್ಲಿ ಸೀರೆಯುಟ್ಟ ಪುಟಾಣಿ ಗೊಂಬೆ. ರೈಲು ಬಂದು ಅದರ ಮುಂದೆ ನಿಂತಿತು, ಒಮ್ಮೆ ಕೂಗಿ ಮುಂದಕ್ಕೆ ಹೋಯಿತು.

"ಇಲ್ಯಾಕೆ ನಿಲ್ಲಿಸಿದ್ರಿ? ಸ್ಟೇಷನ್ ಇಲ್ವಲ್ಲ."

"ಅದು ಪದ್ಮರಾಜಯ್ಯನೋರ ಆಸೆ ಕಣಮ್ಮ. ಆ ಗೊಂಬೆ ಅವರ ಹೆಂಡತಿ. ಪಾಪ, ಆಯಮ್ಮ ಹೋಗ್ಬಿಟ್ಟ ಮೇಲೆ ಮನೇಲಿ ಮಾತಾಡೋಕೆ ಯಾರೂ ಇಲ್ಲ ಅಂತಾನೇ ಇಲ್ಲಿಗೆ ಬರೋಕೆ ಶುರು ಮಾಡಿದ್ದು."

ಆಕೆ ಬಗ್ಗಿ ಗೊಂಬೆಯನ್ನು ಬಹಳ ಹೊತ್ತು ನೋಡಿದರು.

"ನಾನು ಸತ್ತು ಎಷ್ಟು ವರ್ಷ ಆಯ್ತು ಅಂತಿದ್ರು?"