ರಾಯಭಾರಿಗೆ ಪಾಠ

“ನಮ್ಮ ಸರ್ಕಾರ ಗಟ್ಟಿಯಾಗಿದೆ ಅಂತ ರಾಯಭಾರಿಗೆ ನಂಬಿಕೆ ಬರಬೇಕು. ಇಲ್ಲವಾದರೆ ನಿಮಗೆ ಎತ್ತಂಗಡಿ,” ಎಂದಿದ್ದರು ಮೇಲಧಿಕಾರಿ.

ಶಿಷ್ಟಾಚಾರ ಅಧಿಕಾರಿ ಅಂಬುಜಾಕ್ಷಿ ಕಾರಿನಲ್ಲಿ ದಾರಿಯುದ್ದಕ್ಕೂ ವಿದೇಶಿ ರಾಯಭಾರಿಗೆ ಬಂಡವಾಳ, ಬೆಳವಣಿಗೆ, ಸ್ಥಿರತೆ ಎಂದು ತಪ್ಪಿಲ್ಲದೆ ಒಪ್ಪಿಸಿದಳು. ಗದ್ದಲವಿರಬಾರದೆಂದು ಅವರ ವಾಸ್ತವ್ಯಕ್ಕೆ ಊರಾಚೆಯ ರೆಸಾರ್ಟನ್ನು ಅವಳೇ ಗೊತ್ತುಮಾಡಿದ್ದಳು. ಗೇಟು ದಾಟಿದರೆ ಚಡ್ಡಿ ತೊಟ್ಟ ನಲವತ್ತು ಹಿರಿಯರು ವಾಲಿಬಾಲ್ ಆಡುತ್ತಿದ್ದರು. ಸುತ್ತ ಪೊಲೀಸರು.

“ಯಾರಿವರು?” ಎಂದರು ರಾಯಭಾರಿ.

“ಪ್ರವಾಸಿಗರು, ಸರ್.”

ಅಷ್ಟರಲ್ಲಿ ಒಬ್ಬರು ಚೆಂಡು ಹಿಡಿದು ಕಾರಿನ ಬಳಿ ಓಡಿಬಂದರು. “ಮೇಡಮ್ಮೋರೆ, ನಮ್ ಸರ್ಕಾರ ಐತಾ, ಬಿದ್ದೋಯ್ತಾ? ಫೋನೆಲ್ಲ ಕಿತ್ಕೊಂಡವ್ರೆ ಕಣಮ್ಮ.”

“ಏನಂತೆ?” ಎಂದರು ಕನ್ನಡ ಬಾರದ ರಾಯಭಾರಿ.

“ಶಾಸಕರು, ಸರ್...” ಅವಳಿಗೆ ಅಳುವೇ ಬಂತು.

ರಾಯಭಾರಿ ಕೋಟು ಬಿಚ್ಚುತ್ತ ಇಳಿದರು. “ಹೆದರಬೇಡಮ್ಮ. ಹೀಗೇ ಹದಿನೈದು ದಿನ ರೆಸಾರ್ಟಿನಲ್ಲಿ ಕೂತಿದ್ದಕ್ಕೇ ನಮ್ಮ ದೇಶದಲ್ಲಿ ನನ್ನನ್ನು ರಾಯಭಾರಿ ಮಾಡಿದ್ದು.”